ಹೊಸ್ತಿಲ ಒಳಗೋ, ಹೊಸ್ತಿಲ ಆಚೆಗೋ

ಟೈಲ್ಸ್ ಕೂರಿಸುವ ಮೊದಲು ಗೋಡೆ ಕೊರೆಯಲು ಬಂದ ಎಲೆಕ್ಟ್ರಿಷಿಯನ್ ಕೇಳಿದ್ದು ಒಂದೇ ಪ್ರಶ್ನೆ: "ಫ್ರಿಜ್ ಪಾಯಿಂಟ್ ಎಲ್ಲಿ ಬಿಡ್ಲಿ ಅಕ್ಕಾ?" ದಾವಣಗೆರೆಯ ಪಿ.ಜೆ. ಬಡಾವಣೆಯ ನಮ್ಮ ಹಳೇ ಮನೆಯ ಅಡುಗೆಮನೆ ಹೊಸದಾಗುತ್ತಿತ್ತು. ಗ್ರಾನೈಟಿನ ಬಣ್ಣ, ಸಿಂಕಿನ ಆಳ, ಚಿಮಣಿ ಬೇಕೋ ಬೇಡವೋ, ಎಲ್ಲದರ ಮಾತೂ ಮುಗಿದಿತ್ತು. ಫ್ರಿಜ್ ಮಾತ್ರ ಇಪ್ಪತ್ತು ವರ್ಷದಿಂದ ನಡುಮನೆಯಲ್ಲೇ ನಿಂತಿದ್ದರಿಂದ ಅದನ್ನು ಎಲ್ಲಿಡಬೇಕು ಎಂದು ಯಾರೂ ಯೋಚಿಸಿರಲಿಲ್ಲ. ಅತ್ತೆಗೆ ಅದು ಇದ್ದಲ್ಲೇ ಇರಬೇಕು. ನನಗೆ ಒಳಗೆ ಬೇಕು. ಅವರ ಮಾತಿನಲ್ಲಿ ಎಷ್ಟು ಹುರುಳಿದೆ ಎಂದು ತಿಳಿಯಲು ನನಗೆ ಒಂದು ವಾರ ಹಿಡಿಯಿತು.

ನಡುಮನೆಗೆ ಫ್ರಿಜ್ ಬಂದದ್ದು ಬರೀ ನೆಂಟರಿಗೆ ಕಾಣಲಿ ಎಂದಲ್ಲ. ಗೋದ್ರೆಜ್ ಕಂಪನಿ ಭಾರತದಲ್ಲಿ ಫ್ರಿಜ್ ತಯಾರಿಸಿದ್ದು 1958ರಲ್ಲಿ. ನಮ್ಮ ಕಡೆಯ ಮಧ್ಯಮ ವರ್ಗದ ಮನೆಗಳಿಗೆ ಅದು ಬರುವ ಹೊತ್ತಿಗೆ ಇನ್ನೂ ಎರಡು ಮೂರು ದಶಕ ಕಳೆದಿದ್ದವು. ಕಸೂತಿ ಬಟ್ಟೆ ಹೊದ್ದು, ತಲೆ ಮೇಲೆ ಪ್ಲಾಸ್ಟಿಕ್ ಹೂದಾನಿ ಇಟ್ಟುಕೊಂಡು ಅದು ಟಿ.ವಿ. ಪಕ್ಕದಲ್ಲಿ ನಿಂತಿತು ನಿಜ. ಆದರೆ ಆಗಿನ ಅಡುಗೆಮನೆಯಲ್ಲಿ ಸೌದೆಯ ಮಸಿಯೋ ಸೀಮೆಎಣ್ಣೆ ಸ್ಟೌವಿನ ಹೊಗೆಯೋ ಇರುತ್ತಿತ್ತು. ಒಂದು ಮೂಲೆಯಲ್ಲಿ ಮುಸುರೆ ತೊಳೆಯುವ ಜಾಗ, ಯಾವಾಗಲೂ ಒದ್ದೆಯ ನೆಲ. ಮೂರು ಪಿನ್ನಿನ ಪ್ಲಗ್ಗಂತೂ ಇರಲೇ ಇಲ್ಲ. ಮತ್ತೊಂದು ಕಾರಣವನ್ನು ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಒಲೆಯ ಹತ್ತಿರಕ್ಕೆ ಬಾರದ ಮೊಟ್ಟೆ, ಬೇಕರಿಯ ಕೇಕು ಹೊಸ್ತಿಲಾಚೆಯ ಫ್ರಿಜ್ಜಿನಲ್ಲಿ ಇರಬಹುದಿತ್ತು. ಅದರಿಂದ ಮಡಿಯ ಅಜ್ಜಿಗೂ ಮೊಮ್ಮಕ್ಕಳಿಗೂ ಜಗಳವಾಗದೆ ಎಷ್ಟೋ ಮನೆಗಳು ನಡೆದವು.

ನನ್ನ ವಾದಕ್ಕೆ ನನ್ನ ಕಾಲುಗಳೇ ಸಾಕ್ಷಿ. ಒಲೆಯಿಂದ ನಡುಮನೆಯ ಫ್ರಿಜ್ಜಿಗೆ ಇಪ್ಪತ್ತು ಅಡಿಗೂ ಹೆಚ್ಚು, ನಡುವೆ ಎತ್ತರದ ಹೊಸ್ತಿಲು. ಬೆಳಿಗ್ಗೆ ನಂದಿನಿ ಹಾಲಿನ ಪ್ಯಾಕೆಟ್ಟಿಗೆ ಒಮ್ಮೆ, ದೋಸೆ ಹಿಟ್ಟಿಗೆ ಒಮ್ಮೆ, ತೆಂಗಿನಕಾಯಿ ಹೋಳಿಗೆ, ಹಸಿಮೆಣಸಿನಕಾಯಿಗೆ, ಮರೆತ ಕೊತ್ತಂಬರಿಗೆ. ಬೆಣ್ಣೆ ದೋಸೆಯ ಊರಿನಲ್ಲಿ ಭಾನುವಾರವಾದರೂ ಮನೆಯಲ್ಲಿ ದೋಸೆಗೆ ಬೆಣ್ಣೆ ಬೀಳಲೇಬೇಕು. ಬೇಸಿಗೆಯಲ್ಲಿ ಅದನ್ನು ಮೊದಲೇ ತಂದಿಟ್ಟರೆ ಕರಗಿ ಎಣ್ಣೆಯಾಗುತ್ತದೆ, ಹಾಗಾಗಿ ಕಾವಲಿ ಕಾದ ಮೇಲೆಯೇ ಓಡಬೇಕು. ಮಂಡಿನೋವು ಶುರುವಾದ ಮೇಲೆ ಈ ಓಡಾಟದ ಲೆಕ್ಕ ನನಗೆ ಹತ್ತಿತು. 1940ರ ದಶಕದಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಒಲೆ, ಸಿಂಕು, ಫ್ರಿಜ್ ಮೂರನ್ನೂ ಸೇರಿಸುವ ತ್ರಿಕೋನದ ಸೂತ್ರವನ್ನು ಬೆಳೆಸಿದರು. ಒಂದರಿಂದ ಇನ್ನೊಂದಕ್ಕೆ ನಾಲ್ಕರಿಂದ ಒಂಬತ್ತು ಅಡಿ, ಮೂರೂ ಸೇರಿ ಇಪ್ಪತ್ತಾರು ಅಡಿ ಮೀರಬಾರದು. ನನ್ನ ತ್ರಿಕೋನದ ಒಂದು ಬದಿಯೇ ಅದರ ಮುಕ್ಕಾಲು ಭಾಗ ತಿನ್ನುತ್ತಿತ್ತು.

ಆದರೆ ಅಲ್ಲಿನ ಅಡುಗೆಮನೆ ಬೇರೆ, ನಮ್ಮದು ಬೇರೆ. ಫ್ರಿಜ್ ತಂಪನ್ನು ಹುಟ್ಟಿಸುವುದಿಲ್ಲ. ಒಳಗಿನ ಬಿಸಿಯನ್ನು ಎತ್ತಿ ಹಿಂಬದಿಯಿಂದಲೋ ಪಕ್ಕದ ತಗಡಿನಿಂದಲೋ ಹೊರಗೆ ಚೆಲ್ಲುತ್ತದೆ. ಸುತ್ತಲ ಗಾಳಿಯೇ ಕಾದಿದ್ದರೆ ಚೆಲ್ಲುವುದು ಕಷ್ಟ. ಕಂಪ್ರೆಸರ್ ಹೆಚ್ಚು ಹೊತ್ತು ಓಡುತ್ತದೆ, ಬೆಸ್ಕಾಂ ಬಿಲ್ಲಿನಲ್ಲಿ ಅದು ಕಾಣುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮೂರಿನ ಬಿಸಿಲು 38–40 ಡಿಗ್ರಿ ಮುಟ್ಟುತ್ತದೆ. ಅಂಥ ಮಧ್ಯಾಹ್ನ ಎರಡು ಒಲೆ ಉರಿಯುವ ಕೋಣೆಯಲ್ಲಿ ಆ ಯಂತ್ರವನ್ನು ನಿಲ್ಲಿಸಿದರೆ ಅದಕ್ಕೂ ಸುಖವಿಲ್ಲ, ಅದು ಬಿಡುವ ಬಿಸಿಯಿಂದ ಅಡುಗೆ ಮಾಡುವವಳಿಗೂ ಸುಖವಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ಸಿಗದ ಇನ್ನೊಂದು ವಿಷಯ ಜೋಳದ ಹಿಟ್ಟು. ದಿನಾ ರೊಟ್ಟಿ ಬಡಿಯುವ ಮನೆಯಲ್ಲಿ ಹಿಟ್ಟಿನ ಧೂಳು ಎಲ್ಲ ಕಡೆ ಹಾರುತ್ತದೆ. ಮಿರ್ಚಿ ಕರಿದ ಎಣ್ಣೆಯ ಆವಿಯೊಂದಿಗೆ ಸೇರಿ ಹಿಂದಿನ ಸುರುಳಿಗಳಿಗೆ ಕಂಬಳಿಯಂತೆ ಅಂಟುತ್ತದೆ. ಬಾಗಿಲಿನ ರಬ್ಬರೂ ಜಿಡ್ಡು ಹಿಡಿದು ಸಡಿಲವಾಗುತ್ತದೆ. ಒಳಗಿಡುತ್ತೇನೆ ಎನ್ನುವವರು ಅದನ್ನು ಆಗಾಗ ಎಳೆದು ಹಿಂದೆ ಗುಡಿಸುವ ಕೆಲಸವನ್ನೂ ಒಪ್ಪಿಕೊಳ್ಳಬೇಕು.

ಜಾಗದ ಲೆಕ್ಕವೂ ಇದೆ. ನಮ್ಮ ಅಡುಗೆಮನೆಯ ಅಗಲ ಎಂಟು ಅಡಿ. ಕಟ್ಟೆಗೆ ಎರಡು ಅಡಿ, ಎದುರಿನ ಗೋಡೆಗೆ ಫ್ರಿಜ್ ಇಟ್ಟರೆ ಹಿಂದಿನ ಗಾಳಿಯ ಸಂದು ಸೇರಿ ಎರಡೂವರೆ. ಉಳಿದದ್ದು ಮೂರೂವರೆ ಅಡಿ. ಬಾಗಿಲು ತೆಗೆದರೆ ಅದರಲ್ಲೂ ಅರ್ಧ ಹೋಯಿತು. ಇದನ್ನು ಕಾಗದದ ಮೇಲೆ ನೋಡಿದರೆ ಸಾಲದು ಎಂದು ರಂಗೋಲಿ ಪುಡಿಯಲ್ಲಿ ನೆಲದ ಮೇಲೆ ಫ್ರಿಜ್ಜಿನ ಚೌಕ ಬರೆದು, ಬಾಗಿಲು ತಿರುಗುವ ಅರ್ಧಚಂದ್ರವನ್ನೂ ಎಳೆದು, ಎರಡು ದಿನ ಅದನ್ನು ತುಳಿಯದೆ ಕೆಲಸ ಮಾಡಿದೆ. ಕುಡಿಯುವ ನೀರಿನ ಕೊಡಗಳು ಆ ಚೌಕದೊಳಗೇ ಇದ್ದವು. ನಲ್ಲಿ ದಿನವೂ ಬಾರದ ಊರಿನಲ್ಲಿ ಆ ಕೊಡಗಳಿಗೆ ಫ್ರಿಜ್ಜಿಗಿಂತ ಹಳೆಯ ಹಕ್ಕಿದೆ.

ಅತ್ತೆಯ ವಾದದ ತೂಕ ತಿಳಿದದ್ದು ಒಂದು ಭಾನುವಾರ. ಯಾರು ಎಷ್ಟು ಸಲ ಬಾಗಿಲು ತೆಗೆಯುತ್ತಾರೆ ಎಂದು ಕ್ಯಾಲೆಂಡರಿನ ಅಂಚಿನಲ್ಲಿ ಗೀಟು ಹಾಕುತ್ತ ಹೋದೆ. ಅರ್ಧಕ್ಕಿಂತ ಹೆಚ್ಚು ಗೀಟು ಅಡುಗೆಯವಳದ್ದಲ್ಲ. ಮಕ್ಕಳ ನೀರಿನ ಬಾಟಲಿ, ಗಂಡನ ಮೊಸರು, ಬಂದವರಿಗೆ ಮಜ್ಜಿಗೆ, ಅತ್ತೆಯ ಇನ್ಸುಲಿನ್. ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯಲ್ಲಿರಬೇಕು, ಅದಕ್ಕೆ ಫ್ರಿಜ್ಜೇ ಗತಿ. ಅವರ ಮಂಚ ಇರುವುದು ನಡುಮನೆಯ ಪಕ್ಕದ ಕೋಣೆಯಲ್ಲಿ. ಕುದಿಯುವ ಎಣ್ಣೆಯ ಬಾಣಲೆ ಮುಂದೆ ನಾನು ನಿಂತಿರುವಾಗ ಎಂಟು ವರ್ಷದ ಹುಡುಗ ಐಸ್‌ಕ್ರೀಮಿಗೆಂದು ಬೆನ್ನ ಹಿಂದೆ ನುಗ್ಗುವುದನ್ನು ನೆನೆಸಿಕೊಂಡಾಗ, ಇಪ್ಪತ್ತು ಅಡಿ ದೂರವೇ ಲೇಸೇನೋ ಎನ್ನಿಸಿದ್ದೂ ಉಂಟು.

ವಾಸ್ತು ಬಲ್ಲವರನ್ನೂ ಕೇಳಿದೆವು. ಆಗ್ನೇಯ ಒಲೆಗೆ, ಈಶಾನ್ಯ ನೀರಿಗೆ ಎನ್ನುವುದರಲ್ಲಿ ಯಾರಿಗೂ ಭಿನ್ನಮತವಿಲ್ಲ. ಫ್ರಿಜ್ಜಿಗೆ ಒಬ್ಬರು ವಾಯವ್ಯ ಅಂದರು, ಇನ್ನೊಬ್ಬರು ನೈಋತ್ಯ.

ಹರಿಹರದ ತಂಗಿಯ ಮನೆಯಲ್ಲಿ ಪ್ರಶ್ನೆಯೇ ಬೇರೆ. ಅವಳ ಮನೆ ನದಿಯ ಕಡೆಯ ಇಳಿಜಾರಿನಲ್ಲಿದೆ. ತುಂಗಭದ್ರೆ ತುಂಬಿ ಬಂದ ಮಳೆಗಾಲಗಳಲ್ಲಿ ಗಂಗಾನಗರದ ಮನೆಗಳಿಗೆ ನೀರು ನುಗ್ಗುವುದನ್ನು ನೋಡುತ್ತ ಬಂದವಳು ಅವಳು. ಫ್ರಿಜ್ಜಿನ ಕಂಪ್ರೆಸರ್ ಇರುವುದು ತಳದಲ್ಲಿ. ಮೊಣಕಾಲುದ್ದ ನೀರು ಬಂದರೂ ಮೊದಲು ಮುಳುಗುವುದು ಅದೇ. ಹಳೇ ಅಡುಗೆಮನೆಯ ನೆಲ ನಡುಮನೆಗಿಂತ ಎರಡು ಬೆರಳು ತಗ್ಗು ಬೇರೆ. ಅವಳು ನಡುಮನೆಯಲ್ಲೇ ಒಂದೂವರೆ ಅಡಿ ಇಟ್ಟಿಗೆ ಕಟ್ಟೆ ಕಟ್ಟಿಸಿ, ಮಟ್ಟ ನೋಡಿ, ಅದರ ಮೇಲೆ ಫ್ರಿಜ್ ಏರಿಸಿದ್ದಾಳೆ. ಮೇಲಿನ ಫ್ರೀಜರ್‌ಗೆ ಅವಳ ಕೈ ಎಟುಕುವುದಿಲ್ಲ, ಮಗನನ್ನು ಕರೆಯುತ್ತಾಳೆ. ಅಲ್ಲಿ ನಿಂತು ನೋಡಿದರೆ ಅವಳು ಮಾಡಿದ್ದೇ ಸರಿ. ಆ ಮನೆಗೆ ನನ್ನ ತ್ರಿಕೋನದ ಸೂತ್ರ ಹೇಳಲು ನನಗೆ ಬಾಯಿ ಬರಲಿಲ್ಲ.

ನಮ್ಮ ಮನೆಯ ಮಟ್ಟಿಗೆ ನಾನು ಒಳಗೇ ಎಂದೆ, ಆದರೆ ಹೊಸ್ತಿಲಿಗೆ ಅಂಟಿಕೊಂಡಂತೆ. ಪಶ್ಚಿಮದ ಬಾಗಿಲಿನಿಂದ ಒಳಬಂದ ಕೂಡಲೇ ಎಡಗೋಡೆಗೆ ಫ್ರಿಜ್, ದೂರದ ಬಲಮೂಲೆಯಲ್ಲಿ ಒಲೆ. ಅಂತರ ಎಂಟು ಅಡಿ ಚಿಲ್ಲರೆ. ಫ್ರಿಜ್ಜಿನ ಬಾಗಿಲಿನ ತಿರುಗಣಿ ಬಲಕ್ಕಿರುವುದರಿಂದ ತೆರೆದ ಬಾಗಿಲು ಒಲೆಯ ಕಡೆಗೆ ನಿಲ್ಲುತ್ತದೆ. ಹೊಸ್ತಿಲಲ್ಲಿ ನಿಂತ ಹುಡುಗ ಒಳಬರದೆ ಬಾಟಲಿ ತೆಗೆಯಬಹುದು, ಅವನಿಗೂ ಬಾಣಲೆಗೂ ನಡುವೆ ಆ ಬಾಗಿಲೇ ಅಡ್ಡ. ನನಗೆ ಒಂದು ಹೆಜ್ಜೆ ಸುತ್ತು, ಅಷ್ಟೆ. ಆ ಜಾಗ ವಾಯವ್ಯವೂ ಆದದ್ದು ಅತ್ತೆಗೆ ಸಮಾಧಾನ ತಂದಿತು. ನೀರಿನ ಕೊಡಗಳು ನಡುಮನೆಯಲ್ಲಿ ಫ್ರಿಜ್ ಬಿಟ್ಟ ಜಾಗಕ್ಕೆ ಹೋದವು.

ಇದರಲ್ಲಿ ಸೋತವರು ಅತ್ತೆ. ರಾತ್ರಿ ಅವರು ಹತ್ತು ಹೆಜ್ಜೆ ಹೆಚ್ಚು ನಡೆಯಬೇಕು, ಹೊಸ್ತಿಲಿನ ಹತ್ತಿರ ಕತ್ತಲು. ಅಲ್ಲೊಂದು ಸಣ್ಣ ದೀಪ ಹಾಕಿಸಿದೆ. ನಡುಮನೆಯ ಹಳೇ ಪ್ಲಗ್ ಪಾಯಿಂಟನ್ನು ಮುಚ್ಚಲು ಎಲೆಕ್ಟ್ರಿಷಿಯನ್ ಸಿಮೆಂಟ್ ಕಲಸಿಕೊಂಡು ಬಂದಾಗ, ಅದು ಹಾಗೇ ಇರಲಿ ಎಂದೆ. ನಾಳೆ ಅವರಿಗೆ ಅಷ್ಟು ದೂರ ನಡೆಯಲಾಗದಿದ್ದರೆ ಕೊಡಗಳು ಒಳಗೆ ಬರುತ್ತವೆ, ಫ್ರಿಜ್ ಹೊರಗೆ ಹೋಗುತ್ತದೆ.