ಜನ ಒಣಹುಲ್ಲಲ್ಲ

2022ರ ಆಗಸ್ಟ್ 24, ಬುಧವಾರ ರಾತ್ರಿ. ಬೇಗಂಪೇಟೆಯ ಮನೆಯಲ್ಲಿ ಊಟ ಮುಗಿಸಿ ಕುಳಿತಿದ್ದೆ. ಶಿವಮೊಗ್ಗದಿಂದ ಚಿಕ್ಕಮ್ಮನ ಫೋನ್ ಬಂತು. ಅಷ್ಟು ಹೊತ್ತಿನಲ್ಲಿ ಅವರು ಫೋನ್ ಮಾಡುವವರಲ್ಲ.

‘ನಿನ್ನ ತಮ್ಮ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಏನೋ ಹಾಕಿದಾನಂತೆ ಕಣೋ. ಪಕ್ಕದ ಮನೆಯವರು ಬಂದು ಹೇಳಿ ಹೋದ್ರು. ನಾನು ಹೇಳಿದ್ರೆ ಕೇಳಲ್ಲ. ನೀನೊಂದ್ಸಲ ಹೇಳು, ನಂಗೆ ಭಯ ಆಗ್ತಿದೆ.’

ಭಯಕ್ಕೆ ಕಾರಣವಿತ್ತು. ಆಗಸ್ಟ್ 15ರಂದು ಶಿವಮೊಗ್ಗದಲ್ಲಿ ಸಾವರ್ಕರ್ ಫ್ಲೆಕ್ಸ್ ವಿಚಾರಕ್ಕೆ ಗಲಾಟೆಯಾಗಿ, ಯುವಕನೊಬ್ಬನಿಗೆ ಚಾಕು ಹಾಕಿ, ಊರಿನಲ್ಲಿ ನಿಷೇಧಾಜ್ಞೆ ಹೇರಿದ್ದರು. ಜೂನ್ 28ರಂದು ರಾಜಸ್ಥಾನದ ಉದಯಪುರದಲ್ಲಿ ಟೈಲರ್ ಕನ್ಹಯ್ಯಾ ಲಾಲ್ ಅವರನ್ನು ಅವರ ಅಂಗಡಿಯಲ್ಲೇ ಕೊಂದಿದ್ದರು. ಅದಕ್ಕೆ ಕಾರಣವಾಗಿದ್ದೂ ಸೋಷಿಯಲ್ ಮೀಡಿಯಾದ ಒಂದು ಪೋಸ್ಟ್. ಇನ್ನು ಇಲ್ಲಿ ಹೈದರಾಬಾದಿನಲ್ಲಿ, ಸೋಮವಾರ ಗೋಶಾಮಹಲ್ ಶಾಸಕ ಟಿ. ರಾಜಾ ಸಿಂಗ್ ಪ್ರವಾದಿಯವರ ಬಗ್ಗೆ ಮಾತಾಡಿದ ವಿಡಿಯೊ ಹೊರಬಿದ್ದಿತ್ತು. ಮಂಗಳವಾರ ಬಂಧನ, ಪಕ್ಷದಿಂದ ಅಮಾನತು, ಅದೇ ದಿನ ಕೋರ್ಟಿನಿಂದ ಬಿಡುಗಡೆ. ಓಲ್ಡ್ ಸಿಟಿಯಲ್ಲಿ ಪ್ರತಿಭಟನೆ. ಅದರಲ್ಲಿ ತಲೆ ಕಡಿಯಬೇಕೆಂಬ ಘೋಷಣೆಗಳೂ ಕೇಳಿಬಂದವು. ನನ್ನ ತಮ್ಮ ಸ್ಟೇಟಸ್‌ಗೆ ಹಾಕಿದ್ದು ಆ ವಿಡಿಯೊದ ಒಂದು ತುಣುಕನ್ನು. ಕೆಳಗೆ ತನ್ನದೇ ಒಂದು ಸಾಲು ಬೇರೆ.

ನಾನು ಅವನಿಗೆ ಫೋನ್ ಮಾಡಿ ಹೇಳಿದ್ದು ಒಂದೇ ಮಾತು: ‘ಮೊದಲು ಡಿಲೀಟ್ ಮಾಡು.’

ಅವನು ಇಂಜಿನಿಯರಿಂಗ್ ಐದನೇ ಸೆಮಿಸ್ಟರಿನ ಹುಡುಗ. ವಾದದಲ್ಲಿ ಸುಲಭಕ್ಕೆ ಸೋಲುವವನಲ್ಲ. ‘ನೀನೇ ಹೇಳ್ತಿದ್ದೆಯಲ್ಲಣ್ಣ, ಮಾತಾಡೋದು ನಮ್ಮ ಹಕ್ಕು ಅಂತ. ನಾನು ಮಾತಾಡಿದೀನಿ ಅಷ್ಟೆ. ಯಾರಾದ್ರೂ ಕಲ್ಲು ಹೊಡೆದ್ರೆ ತಪ್ಪು ಅವರದಲ್ವಾ? ನಂದು ಹೇಗಾಗುತ್ತೆ?’

ಆ ರಾತ್ರಿ ಅವನಿಗೆ ಸರಿಯಾದ ಉತ್ತರ ಕೊಡಲಾಗಲಿಲ್ಲ. ದೊಡ್ಡವನೆಂಬ ಅಧಿಕಾರದಲ್ಲಿ ಡಿಲೀಟ್ ಮಾಡಿಸಿದೆ, ಅಷ್ಟೆ. ಆ ಪ್ರಶ್ನೆಗೆ ನನಗೆ ತೋಚಿದ ಉತ್ತರ ಈ ಬರಹ.

ಮೊದಲು ಒಂದು ಮಾತು ಒಪ್ಪಿಕೊಂಡುಬಿಡುತ್ತೇನೆ. ಅವನ ವಾದದ ಅರ್ಧ ಸರಿ. ಕಲ್ಲು ಹೊಡೆದವನ ತಪ್ಪು ಕಲ್ಲು ಹೊಡೆದವನದೇ.

ನಾವು ಕನ್ನಡಿಗರು ಇದನ್ನು ಮೂರು ಸಲವಾದರೂ ಹತ್ತಿರದಿಂದ ನೋಡಿದ್ದೇವೆ. 1986ರ ಡಿಸೆಂಬರಿನಲ್ಲಿ ಡೆಕ್ಕನ್ ಹೆರಾಲ್ಡ್‌ನ ಭಾನುವಾರದ ಪುರವಣಿಯಲ್ಲಿ ಮಲಯಾಳದಿಂದ ಅನುವಾದವಾದ ಒಂದು ಸಣ್ಣಕತೆ ಬಂತು. ಕತೆ ಪ್ರವಾದಿಯವರನ್ನು ಕುರಿತದ್ದಲ್ಲ, ಆ ಹೆಸರಿನ ಒಬ್ಬ ಸಾಮಾನ್ಯನದು. ಆದರೆ ಶೀರ್ಷಿಕೆಯಲ್ಲಿ ಆ ಹೆಸರಿತ್ತು. ಬೆಂಗಳೂರು, ಮೈಸೂರುಗಳಲ್ಲಿ ಗಲಭೆಯಾಗಿ 15ಕ್ಕೂ ಹೆಚ್ಚು ಜನ ಸತ್ತರು. 2010ರ ಮಾರ್ಚ್ 1ರಂದು ನಮ್ಮ ಶಿವಮೊಗ್ಗದ ಸರದಿ. ಬುರ್ಖಾ ಬಗ್ಗೆ ತಸ್ಲೀಮಾ ನಸ್ರೀನ್ ಹೆಸರಿನಲ್ಲಿ ಕನ್ನಡಪ್ರಭದ ಪುರವಣಿಯಲ್ಲಿ ಬಂದ ಲೇಖನದ ವಿರುದ್ಧ ಶಿವಮೊಗ್ಗ, ಹಾಸನಗಳಲ್ಲಿ ಪ್ರತಿಭಟನೆ ಎದ್ದಿತು, ಹಿಂಸೆಗೆ ತಿರುಗಿತು. ಶಿವಮೊಗ್ಗದಲ್ಲಿ ಇಬ್ಬರು ಸತ್ತರು. ಕರ್ನಾಟಕದ ಯಾವ ಪತ್ರಿಕೆಗೂ ತಾನು ಲೇಖನ ಬರೆದೇ ಇಲ್ಲವೆಂದು ಆಮೇಲೆ ತಸ್ಲೀಮಾ ಹೇಳಿದರು. ನಾನಾಗ ಬಿ.ಇ. ಕೊನೆಯ ವರ್ಷದಲ್ಲಿದ್ದೆ. ಕರ್ಫ್ಯೂ ಹಾಕಿದ ಮೇಲೇ ಆ ಲೇಖನದಲ್ಲಿ ಏನಿತ್ತೆಂದು ನಮ್ಮ ಬೀದಿಯಲ್ಲಿ ಒಬ್ಬರನ್ನೊಬ್ಬರು ಕೇಳಿದ್ದು. ಅದೇ ತಸ್ಲೀಮಾ ಮೇಲೆ 2007ರ ಆಗಸ್ಟ್ 9ರಂದು ಹೈದರಾಬಾದಿನ ಪ್ರೆಸ್ ಕ್ಲಬ್ಬಿನಲ್ಲಿ ಹಲ್ಲೆ ನಡೆದಿತ್ತು. ನುಗ್ಗಿದವರಲ್ಲಿ ಶಾಸಕರೂ ಇದ್ದರು.

ಮೂರನೆಯದು 2020ರ ಆಗಸ್ಟ್ 11ರ ರಾತ್ರಿ, ಬೆಂಗಳೂರಿನ ಡಿ.ಜೆ. ಹಳ್ಳಿ, ಕೆ.ಜಿ. ಹಳ್ಳಿ. ಪುಲಕೇಶಿನಗರದ ಶಾಸಕ ಅಖಂಡ ಶ್ರೀನಿವಾಸಮೂರ್ತಿಯವರ ಸಂಬಂಧಿಯೊಬ್ಬ ಫೇಸ್‌ಬುಕ್‌ನಲ್ಲಿ ಪ್ರವಾದಿಯವರ ಬಗ್ಗೆ ಪೋಸ್ಟ್ ಹಾಕಿದ. ಸುಟ್ಟಿದ್ದು ಯಾರ ಮನೆ? ಪೋಸ್ಟ್ ಹಾಕದ ಶಾಸಕರ ಕಾವಲ್‌ಭೈರಸಂದ್ರದ ಮನೆ. ಪೊಲೀಸ್ ಠಾಣೆಗಳ ಮೇಲೆ ದಾಳಿಯಾಯಿತು, ಬೀದಿಯಲ್ಲಿ ನಿಲ್ಲಿಸಿದ್ದ ಗಾಡಿಗಳು ಸುಟ್ಟವು. ಪೊಲೀಸರ ಗುಂಡಿಗೆ ಮೂವರು ಬಲಿಯಾದರು.

ಇಂಥ ಘಟನೆಯಾದಾಗಲೆಲ್ಲ ನಾವು ಬಳಸುವ ಮಾತು ಒಂದೇ: ‘ಒಣಹುಲ್ಲಿಗೆ ಕಿಡಿ ಬಿತ್ತು.’ ನನ್ನ ತಕರಾರಿರುವುದು ಈ ಮಾತಿನ ಮೇಲೇ. ಆಫೀಸಿನಲ್ಲಿ ಸರ್ವರ್ ಬಿದ್ದರೆ ನಾವು ‘ರೂಟ್ ಕಾಸ್’ ಹುಡುಕಿ ವರದಿ ಬರೆಯುತ್ತೇವೆ. ಯಾವ ಕೋಡ್ ಹೋಯಿತು, ಯಾವ ಸಾಲಿನಿಂದ ಸರ್ವರ್ ಬಿತ್ತು. ಅಲ್ಲಿ ಅದು ಸರಿ, ಏಕೆಂದರೆ ಸರ್ವರ್‌ಗೆ ಬೀಳಬೇಕೋ ಬೇಡವೋ ಎಂದು ಯೋಚಿಸುವ ಶಕ್ತಿಯಿಲ್ಲ. ಮನುಷ್ಯರಿಗಿದೆ. ಡಿ.ಜೆ. ಹಳ್ಳಿಯಲ್ಲಿ ಅದೇ ರಾತ್ರಿ ಮುಸ್ಲಿಂ ಯುವಕರು ಕೈಕೈ ಹಿಡಿದು ಗುಡಿಯೊಂದರ ಸುತ್ತ ನಿಂತು ಕಾದರು. ಆ ವಿಡಿಯೊ ದೇಶವೆಲ್ಲ ನೋಡಿತು. ಅದೇ ಪೋಸ್ಟ್, ಅದೇ ಪ್ರದೇಶ, ಅದೇ ರಾತ್ರಿ, ಬಹುಶಃ ಅಷ್ಟೇ ನೋವು. ಕೆಲವರು ಬೆಂಕಿ ಹಚ್ಚಿದರು, ಕೆಲವರು ಕೈ ಹಿಡಿದು ನಿಂತರು, ಸಾವಿರಾರು ಜನ ಬಾಗಿಲು ಹಾಕಿಕೊಂಡು ಮಕ್ಕಳನ್ನು ಮಲಗಿಸಿದರು. ಪೋಸ್ಟೇ ಬೆಂಕಿ ಹಚ್ಚಿತೆಂದರೆ ಆ ಕೈ ಹಿಡಿದವರನ್ನು ಯಾವ ಲೆಕ್ಕಕ್ಕೆ ಸೇರಿಸುತ್ತೀರಿ?

‘ಅವರ ಧರ್ಮದ ಬಗ್ಗೆ ಮಾತಾಡಿದರೆ ಅವರು ಹಾಗೇ ಮಾಡೋದು’ ಎನ್ನುವವರು ತಾವು ಅನುಕಂಪ ತೋರಿಸುತ್ತಿದ್ದೇವೆ ಎಂದುಕೊಂಡಿರಬಹುದು. ನಿಜಕ್ಕೂ ಅದು ಇಡೀ ಸಮುದಾಯಕ್ಕೆ ವಿವೇಕವಿಲ್ಲವೆಂದು ಹೇಳಿದ ಹಾಗೆ. ಇನ್ನೊಂದು ಅಪಾಯವೂ ಇದೆ. ಹೆಚ್ಚು ಸುಡುವವರಿಗೆ ಹೆಚ್ಚು ಮರ್ಯಾದೆ ಸಿಗುತ್ತದೆಂದಾದರೆ, ಶಾಂತವಾಗಿ ನೋವು ತಿಂದವನು ದಡ್ಡನಾಗುತ್ತಾನೆ. ಮುಂದಿನ ಸಲ ಅವನೂ ಸೀಮೆಎಣ್ಣೆ ಹುಡುಕುತ್ತಾನೆ.

ಇದು ಒಂದೇ ಧರ್ಮದ ಕಾಯಿಲೆಯೆಂದು ಯಾರಾದರೂ ತಲೆಯಾಡಿಸುತ್ತಿದ್ದರೆ, ಸ್ವಲ್ಪ ತಾಳಿ. ಬಸವಣ್ಣನವರ ಕುರಿತ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ಸಾಹಿತ್ಯ ಅಕಾಡೆಮಿಯ ಬಹುಮಾನ ಕೊಟ್ಟದ್ದೂ ಕರ್ನಾಟಕವೇ, ಆಮೇಲೆ ಅದನ್ನು ಮುಟ್ಟುಗೋಲು ಹಾಕಿದ್ದೂ ಕರ್ನಾಟಕವೇ. 2007ರಲ್ಲಿ ಸುಪ್ರೀಂ ಕೋರ್ಟ್ ಆ ಮುಟ್ಟುಗೋಲನ್ನು ಎತ್ತಿಹಿಡಿಯಿತು. ‘ಢುಂಢಿ’ ಕಾದಂಬರಿಗಾಗಿ 2013ರಲ್ಲಿ ಯೋಗೇಶ್ ಮಾಸ್ಟರ್ ಬಂಧನವಾಯಿತು. 2017ರಲ್ಲಿ ದಾವಣಗೆರೆಯಲ್ಲಿ ಅವರ ಮುಖಕ್ಕೆ ಮಸಿ ಬಳಿದರು. ಎಂ.ಎಂ. ಕಲಬುರ್ಗಿಯವರು ‘ಮಾರ್ಗ’ದಲ್ಲಿ ಬರೆದ ಸಂಶೋಧನೆಗಾಗಿ 1989ರಲ್ಲಿ ಒತ್ತಡಕ್ಕೆ ಸಿಕ್ಕಿ ಮಾತು ಹಿಂತೆಗೆದುಕೊಳ್ಳಬೇಕಾಯಿತು. ಮನೆಯವರ ಜೀವಕ್ಕಾಗಿ ಹಾಗೆ ಮಾಡಿದೆ, ಆದರೆ ಅಂದು ನನ್ನ ಬೌದ್ಧಿಕ ಆತ್ಮಹತ್ಯೆಯಾಯಿತು ಎಂಬರ್ಥದ ಮಾತನ್ನು ಅವರೇ ಹೇಳಿಕೊಂಡಿದ್ದಾರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದ ಮನೆಬಾಗಿಲಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಎರಡು ವರ್ಷದ ನಂತರ ಬೆಂಗಳೂರಿನಲ್ಲಿ ಗೌರಿ ಲಂಕೇಶ್. ಆಗಲೂ ‘ಕೊಲೆ ತಪ್ಪು, ಆದರೆ ಹಾಗೆ ಬರೆಯಬಾರದಿತ್ತು’ ಎಂದ ನೆಂಟರು, ಸ್ನೇಹಿತರು ನಿಮಗೂ ಇರಬಹುದು, ನನಗೂ ಇದ್ದಾರೆ. ಆ ‘ಆದರೆ’ ಡಿ.ಜೆ. ಹಳ್ಳಿಗೆ ಸಲ್ಲದಿದ್ದರೆ ಧಾರವಾಡಕ್ಕೂ ಸಲ್ಲುವುದಿಲ್ಲ. ಧಾರವಾಡಕ್ಕೆ ಸಲ್ಲದಿದ್ದರೆ ಡಿ.ಜೆ. ಹಳ್ಳಿಗೂ ಇಲ್ಲ.

ಹಾಗಾದರೆ ಮಾತಾಡಿದವನಿಗೆ ಯಾವ ಹೊಣೆಯೂ ಇಲ್ಲವೇ? ಇದೆ. ಇಲ್ಲೇ ನನ್ನ ತಮ್ಮನ ವಾದದ ಉಳಿದರ್ಧ ತಪ್ಪುವುದು.

ಮಾತಿನಲ್ಲಿ ಎರಡು ಬಗೆ. ತನ್ನ ಜನರನ್ನು ಸೇರಿಸಿ ‘ಅವರನ್ನು ಹೊಡೆಯಿರಿ, ಅವರ ಅಂಗಡಿ ಸುಡಿ’ ಎನ್ನುವುದು ಒಂದು. ಆಮೇಲೆ ಬಿದ್ದ ಕಲ್ಲಿನಲ್ಲಿ ಹಾಗೆ ಹೇಳಿದವನ ಕೈಯೂ ಇದೆ. ಕಾನೂನು ಅವನನ್ನು ಹಿಡಿಯಲೇಬೇಕು, ಶಾಸಕನಾದರೂ, ತಲೆ ಕಡಿಯಿರಿ ಎಂದು ಕೂಗಿದ ಹುಡುಗನಾದರೂ. ಇನ್ನೊಂದು, ಕೇಳಿದವರಿಗೆ ನೋವಾಗುವ ಮಾತು. ಅದು ಸಂಶೋಧನೆಯಾಗಿರಬಹುದು, ಕಾದಂಬರಿಯಾಗಿರಬಹುದು, ತಮಾಷೆಯಾಗಿರಬಹುದು, ಬರೀ ಕೊಳಕು ಬೈಗುಳವೂ ಆಗಿರಬಹುದು. ಇಲ್ಲಿ ಮಾತಾಡಿದವನು ನೋವಿಗೆ ಹೊಣೆ. ಕಲ್ಲಿಗೆ ಅಲ್ಲ. ಆದರೆ ನೋವಿಗೆ ಹೊಣೆಯೆನ್ನುವುದು ಸಣ್ಣ ಮಾತೇನಲ್ಲ. ‘ಇದನ್ನು ಯಾಕೆ ಹೇಳಿದೆ?’ ಎಂದು ಯಾರಾದರೂ ಕೇಳಿದರೆ ಅವನ ಬಳಿ ಉತ್ತರವಿರಬೇಕು. ಕಲಬುರ್ಗಿಯವರ ಬಳಿ ವರ್ಷಗಟ್ಟಲೆ ಓದಿದ ಶಾಸನ, ವಚನಗಳ ಉತ್ತರವಿತ್ತು. ನನ್ನ ತಮ್ಮನ ಬಳಿ ಏನಿತ್ತು?

ನಮ್ಮ ಕಾನೂನೂ ಈ ಉದ್ದೇಶವನ್ನೇ ಕೇಳುತ್ತದೆ. ಹಳೆಯ 295ಎ ಕಲಂ, ಈಗ ಭಾರತೀಯ ನ್ಯಾಯ ಸಂಹಿತೆಯ 299, ಬೇಕೆಂದೇ ದುರುದ್ದೇಶದಿಂದ ಮಾಡಿದ ಅವಮಾನವನ್ನು ಮಾತ್ರ ಅಪರಾಧವೆನ್ನುತ್ತದೆ. ಲಾಹೋರಿನ ಪ್ರಕಾಶಕ ರಾಜಪಾಲ್ ಪ್ರಕರಣದ ಗದ್ದಲದ ನಂತರ 1927ರಲ್ಲಿ ಬ್ರಿಟಿಷರು ತಂದ ಕಲಂ ಇದು. ನೊಂದವರು ಚಾಕು ಬಿಟ್ಟು ಕೋರ್ಟಿಗೆ ಬರಲೆಂಬ ಲೆಕ್ಕವಿದ್ದಿರಬೇಕು. 1929ರಲ್ಲಿ ರಾಜಪಾಲ್ ಅವರನ್ನು ಚಾಕುವಿನಿಂದಲೇ ಕೊಂದರು.

ಮೂರನೆಯ ಹೊಣೆ ಸರ್ಕಾರದ್ದು. ಅದನ್ನು ಹೈದರಾಬಾದಿನಲ್ಲಿದ್ದು ನೋಡಿದೆ. ಹಾಸ್ಯಗಾರ ಮುನವ್ವರ್ ಫಾರೂಕಿಯ ಕಾರ್ಯಕ್ರಮ 2021ರ ನವೆಂಬರ್ 28ರಂದು ಬೆಂಗಳೂರಿನಲ್ಲಿತ್ತು. ಕಾನೂನು ಸುವ್ಯವಸ್ಥೆಗೆ ತೊಂದರೆಯಾಗುತ್ತದೆಂದು ಪೊಲೀಸರು ರದ್ದು ಮಾಡಿಸಿದರು. ಅಂದರೆ ಬೆದರಿಸಿದವರು ಗೆದ್ದರು. ಅದೇ ಹಾಸ್ಯಗಾರ 2022ರ ಆಗಸ್ಟ್ 20ರಂದು ಮಾದಾಪುರದ ಶಿಲ್ಪಕಲಾ ವೇದಿಕೆಗೆ ಬಂದ. ನಡೆಯಲು ಬಿಡುವುದಿಲ್ಲ ಎಂದಿದ್ದ ರಾಜಾ ಸಿಂಗ್ ಅವರನ್ನು ಪೊಲೀಸರು ಮುಂಚೆಯೇ ವಶಕ್ಕೆ ತೆಗೆದುಕೊಂಡರು, ಸಭಾಂಗಣದ ಸುತ್ತ ಬಂದೋಬಸ್ತ್ ಹಾಕಿದರು. ಕಾರ್ಯಕ್ರಮ ನಡೆಯಿತು. ಟಿಕೆಟ್ ತೆಗೆದುಕೊಂಡಿದ್ದ ನನ್ನ ಟೀಮಿನ ಇಬ್ಬರು ನಕ್ಕು ಮನೆಗೆ ಹೋದರು. ಬೆದರಿಕೆಗೆ ಮಣಿದು ಮಾತನ್ನು ತಡೆಯುವಂತಿಲ್ಲ, ರಕ್ಷಣೆ ಕೊಡುವುದು ಸರ್ಕಾರದ ಕೆಲಸ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ, ತಮಿಳು ಸಿನಿಮಾವೊಂದರ ಪ್ರಕರಣದಲ್ಲಿ (ರಂಗರಾಜನ್ ಪ್ರಕರಣ) ಹೇಳಿತ್ತು. ಮಾಡಬೇಕೆಂದರೆ ಮಾಡಬಹುದು ಎಂಬುದು ಅಂದು ಗೊತ್ತಾಯಿತು. ಎರಡು ದಿನದಲ್ಲಿ ಆ ವಿಡಿಯೊ ಬಂದು ಊರು ಬಿಸಿಯಾಯಿತು, ನಿಜ. ಅದಕ್ಕೆ ಹಾಸ್ಯಗಾರನೇ ಕಾರಣ ಎಂದವರೂ ಇದ್ದರು. ಅದೂ ಮತ್ತೆ ಒಣಹುಲ್ಲಿನ ವಾದವೇ. ಜನಪ್ರತಿನಿಧಿಯೂ ಒಣಹುಲ್ಲಲ್ಲ.

ಇನ್ನು ನನ್ನ ವಿಷಯ. ಡಿಲೀಟ್ ಮಾಡಿಸಿದ್ದು ಹೇಡಿತನವೇ? ಸ್ವಲ್ಪ ಹೌದು. ಆ ಕ್ಷಣ ನನ್ನ ತಲೆಯಲ್ಲಿ ಸಂವಿಧಾನವಿರಲಿಲ್ಲ, ಚಿಕ್ಕಮ್ಮನ ದನಿ ಇತ್ತು. ಆದರೆ ಅದಕ್ಕಿಂತ ದೊಡ್ಡ ತಪ್ಪು ಬೇರೆ ಇದೆ. ಆ ತುಣುಕು ಅವನಿಗೆ ಸಿಕ್ಕಿದ್ದು ನಮ್ಮದೇ ಕುಟುಂಬದ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಪುಣೆಯಲ್ಲಿರುವ ನಮ್ಮ ಮಾವ ಮಂಗಳವಾರವೇ ಹಾಕಿದ್ದರು. ನಾನು ಮೆಟ್ರೊದಲ್ಲಿ ಕುಳಿತು ನೋಡಿದ್ದೆ. ದೊಡ್ಡವರಿಗೆ ಏನು ಹೇಳುವುದೆಂದು ಸುಮ್ಮನಿದ್ದೆ. ಪುಣೆ, ಹೈದರಾಬಾದ್, ದುಬೈಗಳಲ್ಲಿ ಗೇಟಿಗೊಬ್ಬ ಸೆಕ್ಯೂರಿಟಿ ಇರುವ ಅಪಾರ್ಟ್‌ಮೆಂಟಿನಲ್ಲಿ ಕುಳಿತು ನಾವು ಫಾರ್ವರ್ಡ್ ಒತ್ತುತ್ತೇವೆ. ಅದು ಹೋಗಿ ಇಳಿಯುವುದು ಊರಿನ ಬೀದಿಯಲ್ಲಿ. ಅಲ್ಲಿ ಅಂಗಡಿ ಮುಚ್ಚಬೇಕಾದವರು, ಠಾಣೆಗೆ ಅಲೆಯಬೇಕಾದವರು, ರಾತ್ರಿ ಮಗನಿಗೆ ಕಾಯಬೇಕಾದವರು ನಾವಲ್ಲ. ಊರು ಬಿಟ್ಟವರ ಧೈರ್ಯಕ್ಕೆ ಊರಿನಲ್ಲಿರುವವರು ಬೆಲೆ ತೆರುವುದು ನ್ಯಾಯವಲ್ಲ.

ಮಾರನೆಯ ದಿನ ತಮ್ಮನಿಗೆ ಮತ್ತೆ ಫೋನ್ ಮಾಡಿದೆ. ‘ಕಲ್ಲಿಗೆ ನೀನು ಹೊಣೆಯಲ್ಲ, ಅದು ಸರಿ. ನಿನಗೆ ಹೇಳಬೇಕಾಗಿದ್ದದ್ದು ಏನು ಹೇಳು’ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಏನಿಲ್ಲಣ್ಣ, ಎಲ್ಲರೂ ಹಾಕಿದ್ರು’ ಎಂದ. ಆಮೇಲೆ ತಾನಾಗಿಯೇ ಒಂದು ಮಾತು ಹೇಳಿದ. ಸ್ಟೇಟಸ್ ನೋಡಿದವರ ಪಟ್ಟಿಯಲ್ಲಿ ಅವನ ಲ್ಯಾಬ್ ಜೊತೆಗಾರನ ಹೆಸರೂ ಇತ್ತು. ಮೊದಲ ಸೆಮಿಸ್ಟರಿನಿಂದ ಜೊತೆಗಿರುವ ಮುಸ್ಲಿಂ ಹುಡುಗ. ಅವನು ಬೈಯಲಿಲ್ಲ, ದೂರು ಕೊಡಲಿಲ್ಲ. ಅಂದು ಬೇರೆ ಬೆಂಚಿನಲ್ಲಿ ಕುಳಿತಿದ್ದನಂತೆ.

ಯಾವ ಪತ್ರಿಕೆಯಲ್ಲೂ ಬರದ ಹೊಣೆ ಇದು. ಯಾವ ಪೊಲೀಸರೂ ಕೇಸು ಹಾಕುವುದಿಲ್ಲ, ಹಾಕಲೂಬಾರದು. ಆದರೆ ಮಾತಾಡಿದವನು ತೀರಿಸಬೇಕಾದ ಲೆಕ್ಕ ಮಾತ್ರ ಇದೇ. ‘ಹೋಗಿ ಮಾತಾಡು’ ಎಂದೆ.

ಒಂದು ವಾರ ಬಿಟ್ಟು ಕೇಳಿದೆ. ‘ಮಾತಾಡ್ದೆ’ ಎಂದ. ‘ಏನಂದ?’

‘ಏನೂ ಅನ್ಲಿಲ್ಲ. ರೆಕಾರ್ಡ್ ಬರೆದಿಲ್ಲ ಅಂದೆ, ಅವನದ್ದು ಕೊಟ್ಟ.’