ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಅಂತರರಾಷ್ಟ್ರೀಯ ಕಾನೂನುಗಳು ಮತ್ತು ರಾಯಚೂರು ಜಿಲ್ಲೆಯ ಹತ್ತಿ ಹೊಲಗಳು

ಬಾಲಕಾರ್ಮಿಕ ಪದ್ಧತಿಯ ವಿರುದ್ಧದ ಅಂತರರಾಷ್ಟ್ರೀಯ ಕಾನೂನುಗಳು ಎಂದರೆ, ಮಕ್ಕಳನ್ನು ಯಾವ ವಯಸ್ಸಿನವರೆಗೆ ಮತ್ತು ಯಾವ ಬಗೆಯ ದುಡಿಮೆಗೆ ಹಚ್ಚಬಾರದೆಂದು ರಾಷ್ಟ್ರಗಳು ಪರಸ್ಪರ ಒಪ್ಪಿಕೊಂಡಿರುವ ಒಡಂಬಡಿಕೆಗಳ ಸಮೂಹ. ಇವುಗಳಲ್ಲಿ ಮುಖ್ಯವಾದವು ಮೂರು: ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ (ಐಎಲ್‌ಒ) 138ನೆಯ ಒಡಂಬಡಿಕೆ (1973), ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ (1989) ಮತ್ತು ಐಎಲ್‌ಒದ 182ನೆಯ ಒಡಂಬಡಿಕೆ (1999). ಭಾರತವು ಈ ಮೂರನ್ನೂ ಒಪ್ಪಿಕೊಂಡಿದೆ. ಈ ಕಾನೂನುಗಳು ಕಾಗದದಿಂದಿಳಿದು ಹೊಲದ ಬದುವಿನವರೆಗೆ ಎಷ್ಟರಮಟ್ಟಿಗೆ ತಲುಪುತ್ತವೆ ಎಂಬುದನ್ನು ಕರ್ನಾಟಕದ ರಾಯಚೂರು ಜಿಲ್ಲೆಯ, ವಿಶೇಷವಾಗಿ ಕವಿತಾಳ, ಸಿರವಾರ, ಮಾನ್ವಿ ಮತ್ತು ದೇವದುರ್ಗ ಭಾಗದ ಹತ್ತಿ ಬೇಸಾಯದ ಹಿನ್ನೆಲೆಯಲ್ಲಿ ಈ ಲೇಖನವು ಪರಿಶೀಲಿಸುತ್ತದೆ.

ಒಡಂಬಡಿಕೆಗಳು ಬೆಳೆದು ಬಂದ ಬಗೆ

ಐಎಲ್‌ಒ ಸ್ಥಾಪನೆಯಾದದ್ದು 1919ರಲ್ಲಿ. ಅದೇ ವರ್ಷ ಅದು ಅಂಗೀಕರಿಸಿದ 5ನೆಯ ಒಡಂಬಡಿಕೆಯು ಕೈಗಾರಿಕೆಗಳಲ್ಲಿ ಹದಿನಾಲ್ಕು ವರ್ಷದೊಳಗಿನವರ ದುಡಿಮೆಯನ್ನು ನಿಷೇಧಿಸಿತು. ಆದರೆ ಭಾರತಕ್ಕೆ ಪ್ರತ್ಯೇಕ ವಿಧಿಯೊಂದನ್ನು ಸೇರಿಸಿ, ವಯಸ್ಸಿನ ಮಿತಿಯನ್ನು ಹನ್ನೆರಡಕ್ಕೆ ಇಳಿಸಲಾಯಿತು. ಅದೂ ಯಂತ್ರಶಕ್ತಿಯಿಂದ ನಡೆಯುವ ಕಾರ್ಖಾನೆ, ಗಣಿ, ರೈಲ್ವೆ ಮತ್ತು ಬಂದರುಗಳಿಗೆ ಸೀಮಿತವಾಗಿತ್ತು. ರಾಯಚೂರು ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ಭಾಗವಾಗಿತ್ತೆಂಬುದನ್ನು ಇಲ್ಲಿ ನೆನೆಯಬೇಕು.

1921ರ 10ನೆಯ ಒಡಂಬಡಿಕೆಯು ಕೃಷಿಯತ್ತ ತಿರುಗಿತು. ಅದು ಹೇಳಿದ್ದು ಇಷ್ಟೇ: ಹದಿನಾಲ್ಕರೊಳಗಿನ ಮಕ್ಕಳನ್ನು ಶಾಲೆಯ ವೇಳೆಯಲ್ಲಿ ಹೊಲದ ಕೆಲಸಕ್ಕೆ ಹಚ್ಚಬಾರದು. ಶಾಲೆಯ ಹೊರಗಿನ ವೇಳೆಯ ಕೆಲಸಕ್ಕೆ, ಅದು ಓದಿಗೆ ಅಡ್ಡಿಯಾಗದಿದ್ದರೆ, ತಡೆಯಿರಲಿಲ್ಲ. ಸುಮಾರು ಒಂದು ಶತಮಾನದ ಬಳಿಕ ಭಾರತದ ಕಾಯಿದೆಯಲ್ಲಿ ಇದೇ ಮಾತು ಬೇರೊಂದು ರೂಪದಲ್ಲಿ ಮರಳಿ ಬಂದುದನ್ನು ಮುಂದೆ ಕಾಣಬಹುದು.

138ನೆಯ ಒಡಂಬಡಿಕೆಯು ಕಡ್ಡಾಯ ಶಿಕ್ಷಣ ಮುಗಿಯುವ ವಯಸ್ಸಿಗೂ ದುಡಿಮೆ ಆರಂಭಿಸುವ ವಯಸ್ಸಿಗೂ ಗಂಟು ಹಾಕಿತು. ಕನಿಷ್ಠ ವಯಸ್ಸು ಹದಿನೈದು. ಆರ್ಥಿಕವಾಗಿ ಹಿಂದುಳಿದ ರಾಷ್ಟ್ರಗಳು ಆರಂಭದಲ್ಲಿ ಹದಿನಾಲ್ಕನ್ನು ಆರಿಸಿಕೊಳ್ಳಬಹುದು. ಮಕ್ಕಳ ಹಕ್ಕುಗಳ ಒಡಂಬಡಿಕೆಯ 32ನೆಯ ವಿಧಿಯು ಆರ್ಥಿಕ ಶೋಷಣೆಯಿಂದ ರಕ್ಷಣೆಯನ್ನು ಮಗುವಿನ ಹಕ್ಕೆಂದು ಘೋಷಿಸಿತು. ಭಾರತವು 1992ರ ಡಿಸೆಂಬರ್ 11ರಂದು ಇದಕ್ಕೆ ಸೇರಿತಾದರೂ, ಈ ವಿಧಿಯನ್ನು ಹಂತಹಂತವಾಗಿ ಮಾತ್ರ ಜಾರಿಗೊಳಿಸಲು ಸಾಧ್ಯವೆಂಬ ಹೇಳಿಕೆಯನ್ನು ಜೊತೆಗೆ ಸಲ್ಲಿಸಿತು. 182ನೆಯ ಒಡಂಬಡಿಕೆಯು ಜೀತ, ಸಾಲದ ಅಡಮಾನದ ದುಡಿಮೆ, ಲೈಂಗಿಕ ಶೋಷಣೆ, ಆರೋಗ್ಯಕ್ಕೆ ಅಪಾಯಕಾರಿಯಾದ ಕೆಲಸ ಮೊದಲಾದ ಅತಿ ಹೀನ ರೂಪಗಳನ್ನು ಹದಿನೆಂಟು ವರ್ಷದವರೆಗೆ ನಿಷೇಧಿಸಿತು. 2020ರ ಆಗಸ್ಟ್‌ನಲ್ಲಿ ಟೋಂಗಾ ಸಹಿ ಹಾಕುವುದರೊಂದಿಗೆ ಐಎಲ್‌ಒದ ಎಲ್ಲ ಸದಸ್ಯ ರಾಷ್ಟ್ರಗಳೂ ಒಪ್ಪಿದ ಮೊದಲ ಕಾರ್ಮಿಕ ಒಡಂಬಡಿಕೆ ಇದಾಯಿತು. ಇತರರಿಗೆ ನೀತಿ ಹೇಳುವ ಅಮೆರಿಕ ಸಂಯುಕ್ತ ಸಂಸ್ಥಾನವು 138ನೆಯದನ್ನಾಗಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನಾಗಲಿ ಇಂದಿಗೂ ಸ್ಥಿರೀಕರಿಸಿಲ್ಲ.

ಭಾರತದ ಕಾನೂನು

ಸಂವಿಧಾನದ 24ನೆಯ ವಿಧಿಯು ಕಾರ್ಖಾನೆ, ಗಣಿ ಮತ್ತು ಅಪಾಯಕಾರಿ ಉದ್ಯೋಗಗಳಲ್ಲಿ ಹದಿನಾಲ್ಕರೊಳಗಿನ ಮಕ್ಕಳನ್ನು ನೇಮಿಸುವುದನ್ನು ಮೊದಲಿನಿಂದಲೂ ನಿಷೇಧಿಸಿದೆ. 1979ರಲ್ಲಿ ಕನ್ನಡಿಗರೇ ಆದ ಎಂ. ಎಸ್. ಗುರುಪಾದಸ್ವಾಮಿಯವರ ಅಧ್ಯಕ್ಷತೆಯ ಸಮಿತಿಯು, ಬಡತನ ಇರುವವರೆಗೆ ಪೂರ್ಣ ನಿಷೇಧ ಕಷ್ಟಸಾಧ್ಯ. ಅಪಾಯಕಾರಿ ಕೆಲಸಗಳನ್ನು ನಿಷೇಧಿಸಿ ಉಳಿದವುಗಳನ್ನು ನಿಯಂತ್ರಿಸಬೇಕು ಎಂದು ಅಭಿಪ್ರಾಯಪಟ್ಟಿತು. 1986ರ ಬಾಲಕಾರ್ಮಿಕ (ನಿಷೇಧ ಮತ್ತು ನಿಯಂತ್ರಣ) ಕಾಯಿದೆ ಹುಟ್ಟಿದ್ದು ಈ ನಿಲುವಿನಿಂದ. 1996ರ ಡಿಸೆಂಬರ್‌ನಲ್ಲಿ ಎಂ. ಸಿ. ಮೆಹ್ತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಅಪಾಯಕಾರಿ ಕೆಲಸಕ್ಕೆ ಮಗುವನ್ನು ಹಚ್ಚಿದ ಮಾಲೀಕನು ಪ್ರತಿ ಮಗುವಿಗೆ 20,000 ರೂಪಾಯಿ ತೆರಬೇಕೆಂದು ಆದೇಶಿಸಿತು.

ಆದರೆ ಈ ಕಾಯಿದೆಯ ಕಣ್ಣಿಗೆ ಹೊಲ ಬಿದ್ದಿರಲಿಲ್ಲ. ಯಂತ್ರಗಳ ಬಳಕೆ, ಕೀಟನಾಶಕಗಳ ನಿರ್ವಹಣೆಯಂಥ ಕೆಲವನ್ನು ಬಿಟ್ಟರೆ ಬೇಸಾಯದ ಕೆಲಸವು ನಿಷೇಧದ ಪಟ್ಟಿಯ ಹೊರಗೆ ಉಳಿದಿತ್ತು. ಹತ್ತು ವರ್ಷದ ಹುಡುಗಿಯೊಬ್ಬಳು ಕೂಲಿಗಾಗಿ ಹತ್ತಿ ಬಿಡಿಸುವುದು, ಈ ಕಾಯಿದೆಯ ಮಟ್ಟಿಗೆ, 2016ರ ಆಗಸ್ಟ್‌ವರೆಗೂ ಅಪರಾಧವೇ ಆಗಿರಲಿಲ್ಲ.

2016ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯು ಹದಿನಾಲ್ಕರೊಳಗಿನವರ ಎಲ್ಲ ಬಗೆಯ ನೇಮಕವನ್ನೂ ನಿಷೇಧಿಸಿತು. ತಪ್ಪಿತಸ್ಥ ಮಾಲೀಕನಿಗೆ ಆರು ತಿಂಗಳಿಂದ ಎರಡು ವರ್ಷಗಳವರೆಗೆ ಸೆರೆವಾಸ, 20,000ದಿಂದ 50,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಈ ತಿದ್ದುಪಡಿಯಾದ ಮೇಲೆಯೇ ಭಾರತವು 2017ರ ಜೂನ್ 13ರಂದು 138 ಮತ್ತು 182ನೆಯ ಒಡಂಬಡಿಕೆಗಳನ್ನು ಸ್ಥಿರೀಕರಿಸಿತು. ಅಂತರರಾಷ್ಟ್ರೀಯ ಕಾನೂನಿಗೆ ತನ್ನದೇ ಪೊಲೀಸರಿಲ್ಲದಿದ್ದರೂ, ದೇಶದ ಕಾಯಿದೆಯನ್ನು ಅದು ಬದಲಿಸಬಲ್ಲುದು ಎಂಬುದಕ್ಕೆ ಇದು ನಿದರ್ಶನ.

ಅದೇ ತಿದ್ದುಪಡಿಯು ಒಂದು ಕಿಂಡಿಯನ್ನೂ ತೆರೆದಿಟ್ಟಿತು. ಅಪಾಯಕಾರಿಯಲ್ಲದ ಕುಟುಂಬದ ಉದ್ಯೋಗದಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮಗು ನೆರವಾಗಬಹುದು. ಕುಟುಂಬ ಎಂದರೆ ತಂದೆತಾಯಿ, ಒಡಹುಟ್ಟಿದವರು ಮಾತ್ರವಲ್ಲ. ತಂದೆಯ ಮತ್ತು ತಾಯಿಯ ಸೋದರ ಸೋದರಿಯರೂ ಸೇರುತ್ತಾರೆ. ದೊಡ್ಡಪ್ಪ, ಚಿಕ್ಕಪ್ಪ, ಸೋದರತ್ತೆ, ಸೋದರಮಾವ, ಚಿಕ್ಕಮ್ಮ ಇವರೆಲ್ಲರ ಹೊಲವೂ ಮಗುವಿನ ಮನೆಯ ಹೊಲವೇ ಆಯಿತು. ಹಳ್ಳಿಯಲ್ಲಿ ಯಾರು ಯಾರಿಗೆ ಮಾವನಲ್ಲ ಎಂದು ತಪಾಸಣೆಗೆ ಬಂದ ಅಧಿಕಾರಿ ಹೇಗೆ ನಿರ್ಧರಿಸಬೇಕು?

138ನೆಯ ಒಡಂಬಡಿಕೆಯು ಇಷ್ಟು ಸಡಿಲವಾಗಿಲ್ಲವೆಂಬುದು ಗಮನಾರ್ಹ. ಅದರ 5ನೆಯ ವಿಧಿಯು ಹೊರಗಿಡುವುದು, ಸ್ಥಳೀಯ ಬಳಕೆಗಾಗಿ ಮಾತ್ರ ಬೆಳೆಯುವ ಮತ್ತು ಕೂಲಿಯಾಳುಗಳನ್ನು ನಿಯತವಾಗಿ ನೇಮಿಸಿಕೊಳ್ಳದ ಸಣ್ಣ ಕುಟುಂಬ ಹಿಡುವಳಿಗಳನ್ನು. ಜೋಳ ಬೆಳೆದು ಮನೆಯಲ್ಲೇ ರೊಟ್ಟಿ ಮಾಡಿಕೊಳ್ಳುವ ಹೊಲಕ್ಕೆ ಈ ವಿನಾಯಿತಿ ಒಪ್ಪಬಹುದು. ಕೂಲಿಯಾಳು ಕರೆದು, ಬಿಡಿಸಿ, ರಾಯಚೂರಿನ ಎಪಿಎಂಸಿಗೆ ಸಾಗಿಸುವ ಹತ್ತಿಯ ಹೊಲಕ್ಕೆ ಅದು ಒಪ್ಪದು.

ಹತ್ತಿ ಮತ್ತು ಮಕ್ಕಳು

ರಾಯಚೂರು ಜಿಲ್ಲೆಯ ಕಪ್ಪು ನೆಲದಲ್ಲಿ ಹತ್ತಿ ಹಳೆಯ ಬೆಳೆ. ತುಂಗಭದ್ರಾ ಎಡದಂಡೆ ಕಾಲುವೆ ಮತ್ತು ನಾರಾಯಣಪುರ ಬಲದಂಡೆ ಕಾಲುವೆಗಳ ನೀರು ತಲುಪದ ಕಡೆಯೂ ಮಳೆಯನ್ನು ನಂಬಿ ಇದನ್ನು ಬಿತ್ತುತ್ತಾರೆ. ಹೈಬ್ರಿಡ್ ತಳಿಗಳು ಬಂದ ಮೇಲೆ ಬೇಸಾಯದ ಸ್ವರೂಪವೇ ಬದಲಾಯಿತು. 1970ರಲ್ಲಿ ಗುಜರಾತಿನಲ್ಲಿ ಎಚ್-4, 1972ರಲ್ಲಿ ಧಾರವಾಡದಲ್ಲಿ ವರಲಕ್ಷ್ಮಿ, 1981ರಲ್ಲಿ ಅಲ್ಲಿಯೇ ಜಯಲಕ್ಷ್ಮಿ ಎಂದು ಹೆಸರಾದ ಡಿಸಿಎಚ್-32 ಬಿಡುಗಡೆಯಾದವು. ಹೈಬ್ರಿಡ್ ಬೀಜವನ್ನು ರೈತನು ಮರುವರ್ಷಕ್ಕೆ ಎತ್ತಿಟ್ಟುಕೊಳ್ಳುವಂತಿಲ್ಲ. ಪ್ರತಿವರ್ಷ ಹೊಸದಾಗಿ ಉತ್ಪಾದಿಸಬೇಕು.

ಮಕ್ಕಳ ದುಡಿಮೆ ಬೇರುಬಿಟ್ಟದ್ದು ಈ ಬೀಜೋತ್ಪಾದನೆಯಲ್ಲಿ. ಹೆಣ್ಣು ಸಾಲಿನ ಗಿಡಗಳಲ್ಲಿ ಮರುದಿನ ಅರಳಲಿರುವ ಮೊಗ್ಗನ್ನು ಸಂಜೆ ಹುಡುಕಿ, ಅದರ ಎಸಳನ್ನೂ ಕೇಸರಗಳನ್ನೂ ಉಗುರಿನಿಂದ ಬಿಡಿಸಬೇಕು. ಮರುದಿನ ಬೆಳಿಗ್ಗೆ ಗಂಡು ಗಿಡದ ಹೂವನ್ನು ತಂದು ಪರಾಗವನ್ನು ಸವರಬೇಕು. ರೈತರು ಇದನ್ನು ‘ಕ್ರಾಸಿಂಗ್’ ಎನ್ನುತ್ತಾರೆ. ಒಂದೊಂದು ಹೂವಿಗೂ ಕೈ ಮುಟ್ಟಿಸಬೇಕಾದ ಈ ಕೆಲಸವು ತಿಂಗಳುಗಟ್ಟಲೆ, ದಿನವೂ ತಪ್ಪದೆ ನಡೆಯಬೇಕು. ಗಿಡದ ಎತ್ತರಕ್ಕೆ ಮಕ್ಕಳ ಎತ್ತರ ಹೊಂದುತ್ತದೆ, ಸಣ್ಣ ಬೆರಳುಗಳು ಚುರುಕು ಎಂಬ ಸಮರ್ಥನೆಯನ್ನು ಮುಂದಿಡಲಾಗುತ್ತದೆ. ನಿಜವಾದ ಕಾರಣ ಬೇರೆ: ಮಕ್ಕಳ ಕೂಲಿ ಕಡಿಮೆ, ಅವರು ಎದುರಾಡುವುದಿಲ್ಲ, ಮತ್ತು ತಂದೆತಾಯಿಗೆ ಮುಂಗಡ ಕೊಟ್ಟರೆ ಇಡೀ ಹಂಗಾಮಿಗೆ ದೊರೆಯುತ್ತಾರೆ. ಮುಂಗಡದ ಲೆಕ್ಕ ತೀರುವವರೆಗೆ ಮಗು ಕೆಲಸ ಬಿಡುವಂತಿಲ್ಲವಾದರೆ ಅದು 182ನೆಯ ಒಡಂಬಡಿಕೆ ಹೆಸರಿಸುವ ಸಾಲದ ಜೀತವೇ ಆಗುತ್ತದೆ.

ಈ ಕ್ಷೇತ್ರವನ್ನು ದೀರ್ಘಕಾಲ ಅಧ್ಯಯನ ಮಾಡಿದವರು ದಾವುಲೂರಿ ವೆಂಕಟೇಶ್ವರ್ಲು. ಕರ್ನಾಟಕವನ್ನೂ ಒಳಗೊಂಡಂತೆ ಹಲವು ರಾಜ್ಯಗಳ ಬೀಜೋತ್ಪಾದನೆಯನ್ನು ಪರಿಶೀಲಿಸಿದ ಅವರ 2015ರ ವರದಿಯು, ದೇಶದಲ್ಲಿ ಸುಮಾರು ಐದು ಲಕ್ಷ ಮಕ್ಕಳು ಹತ್ತಿ ಬೀಜದ ಹೊಲಗಳಲ್ಲಿ ದುಡಿಯುತ್ತಿದ್ದು, ಅವರಲ್ಲಿ ಸುಮಾರು ಎರಡು ಲಕ್ಷ ಮಂದಿ ಹದಿನಾಲ್ಕರೊಳಗಿನವರೆಂದು ಅಂದಾಜಿಸಿತು. ಕಂಪನಿಯು ನೇರವಾಗಿ ಯಾರನ್ನೂ ನೇಮಿಸುವುದಿಲ್ಲ. ಅದು ಮಧ್ಯವರ್ತಿಯೊಂದಿಗೆ, ಮಧ್ಯವರ್ತಿಯು ರೈತನೊಂದಿಗೆ ಒಪ್ಪಂದ ಮಾಡಿಕೊಳ್ಳುತ್ತಾನೆ. ಬೀಜದ ಖರೀದಿ ದರವನ್ನು ಮೇಲಿನವರು ನಿಗದಿಪಡಿಸುತ್ತಾರೆ. ಆ ದರದಲ್ಲಿ ವಯಸ್ಕರಿಗೆ ಪೂರ್ಣ ಕೂಲಿ ಕೊಟ್ಟರೆ ರೈತನಿಗೆ ಉಳಿಯುವುದು ಅಲ್ಪ. ಕಾಯಿದೆಯ ಪ್ರಕಾರ ಮಾಲೀಕ ಯಾರು ಎಂದು ಕೇಳಿದರೆ ಬೊಟ್ಟು ತೋರುವುದು ಎರಡೋ ಮೂರೋ ಎಕರೆಯ ಸಾಲಗಾರ ರೈತನತ್ತ.

ಬೀಜೋತ್ಪಾದನೆಯಷ್ಟು ಸುದ್ದಿಯಾಗದಿದ್ದರೂ ಹತ್ತಿ ಬಿಡಿಸುವ ಕೆಲಸವೂ ಮಕ್ಕಳನ್ನು ಎಳೆಯುತ್ತದೆ. ಕೂಲಿ ಕಿಲೋ ಲೆಕ್ಕದಲ್ಲಿರುವುದರಿಂದ, ತಾಯಿಯ ಜೊತೆ ಹೋದ ಮಗಳು ಬಿಡಿಸಿದ್ದು ತಾಯಿಯ ತೂಕಕ್ಕೇ ಸೇರುತ್ತದೆ. ಯಾವ ಪುಸ್ತಕದಲ್ಲೂ ಆ ಮಗುವಿನ ಹೆಸರಿರುವುದಿಲ್ಲ. ಈ ಭಾಗದಲ್ಲಿ ಪಾಠ ಹೇಳಿದ ಯಾವ ಶಿಕ್ಷಕರಿಗಾದರೂ ನವೆಂಬರ್‌ನಿಂದ ಜನವರಿವರೆಗಿನ ಹಾಜರಿ ಪುಸ್ತಕವೇ ಹತ್ತಿಯ ಹಂಗಾಮಿನ ಪಂಚಾಂಗವಾಗಿರುತ್ತದೆ.

ಇಲ್ಲೊಂದು ವಿಪರ್ಯಾಸವನ್ನು ಗುರುತಿಸಬೇಕು. ಜೂನ್ 12 ವಿಶ್ವ ಬಾಲಕಾರ್ಮಿಕ ವಿರೋಧಿ ದಿನ. ಐಎಲ್‌ಒ ಇದನ್ನು 2002ರಲ್ಲಿ ಆರಂಭಿಸಿತು. ಜಾಥಾ, ಪ್ರತಿಜ್ಞಾವಿಧಿ, ಭಿತ್ತಿಪತ್ರಗಳೆಲ್ಲ ಆಗ. ಆದರೆ ಜೂನ್‌ನಲ್ಲಿ ಈ ಹೊಲಗಳಲ್ಲಿ ಹತ್ತಿಯ ಬಿತ್ತನೆಯೇ ಮುಗಿದಿರುವುದಿಲ್ಲ. ಕ್ರಾಸಿಂಗ್ ಬಿರುಸಾಗಿರುವಾಗ ದಸರಾ ರಜೆ ಬರುತ್ತದೆ. ರಜೆಯಲ್ಲಿ ‘ಕುಟುಂಬಕ್ಕೆ ನೆರವು’ ಕಾನೂನುಬದ್ಧವೇ ಆಗಿದೆ.

ಅಂತರರಾಷ್ಟ್ರೀಯ ಒತ್ತಡದ ಮಿತಿ

ಐಎಲ್‌ಒದ ತಜ್ಞರ ಸಮಿತಿಯು ಸದಸ್ಯ ರಾಷ್ಟ್ರಗಳ ವರದಿಗಳನ್ನು ಪರಿಶೀಲಿಸಿ ಪ್ರಶ್ನೆ ಕೇಳುತ್ತದೆ, ಅಭಿಪ್ರಾಯ ಪ್ರಕಟಿಸುತ್ತದೆ. ದಂಡನೆಯ ಅಸ್ತ್ರವಾದ ತನ್ನ ಸಂವಿಧಾನದ 33ನೆಯ ವಿಧಿಯನ್ನು ಐಎಲ್‌ಒ ಮೊದಲ ಬಾರಿಗೆ ಬಳಸಿದ್ದು 2000ದಲ್ಲಿ, ಬಲವಂತದ ದುಡಿಮೆಗಾಗಿ ಮ್ಯಾನ್ಮಾರ್ ವಿರುದ್ಧ. ಲಜ್ಜೆಯೇ ಅದರ ಮುಖ್ಯ ಶಕ್ತಿ. ಆ ಶಕ್ತಿಯನ್ನು ಅಲ್ಲಗಳೆಯುವಂತಿಲ್ಲ: ಬೊಲಿವಿಯಾ ದೇಶವು 2014ರಲ್ಲಿ ದುಡಿಮೆಯ ವಯಸ್ಸನ್ನು ಕೆಲವು ಷರತ್ತುಗಳೊಂದಿಗೆ ಹತ್ತಕ್ಕೆ ಇಳಿಸಿ, ಟೀಕೆಗಳ ಬಳಿಕ 2018ರಲ್ಲಿ ಹಿಂದೆ ಸರಿಯಿತು.

ವ್ಯಾಪಾರದ ಮೂಲಕ ಒತ್ತಡ ಹೇರುವುದು ಇನ್ನೊಂದು ಮಾರ್ಗ. ಅಮೆರಿಕದ ಕಾರ್ಮಿಕ ಇಲಾಖೆಯು 2009ರಿಂದ ಪ್ರಕಟಿಸುತ್ತಿರುವ, ಬಾಲಕಾರ್ಮಿಕರಿಂದ ತಯಾರಾಗುವ ವಸ್ತುಗಳ ಪಟ್ಟಿಯಲ್ಲಿ ಭಾರತದ ಹೈಬ್ರಿಡ್ ಹತ್ತಿ ಬೀಜ ಸೇರಿದೆ. ಆದರೆ ಬೀಜ ಮಾರಾಟವಾಗುವುದು ಹೆಚ್ಚಾಗಿ ದೇಶದೊಳಗೇ. ಸಿದ್ಧ ಉಡುಪಿನಂತೆ ವಿದೇಶೀ ಗ್ರಾಹಕನ ಕೈಗೆ ಅದು ಹೋಗುವುದಿಲ್ಲ. ಬಹಿಷ್ಕಾರದ ಬೆದರಿಕೆ ತಾಗುವ ಕಡೆಯೂ ಫಲ ಯಾವಾಗಲೂ ಸಿಹಿಯಾಗಿಲ್ಲ. 1990ರ ದಶಕದ ಆರಂಭದಲ್ಲಿ ಅಮೆರಿಕದ ಹಾರ್ಕಿನ್ ಮಸೂದೆಗೆ ಹೆದರಿ ಬಾಂಗ್ಲಾದೇಶದ ಉಡುಪು ಕಾರ್ಖಾನೆಗಳು ಸಾವಿರಾರು ಮಕ್ಕಳನ್ನು ಹೊರಹಾಕಿದವು. ಅನೇಕರು ಇನ್ನೂ ಕಠಿಣವಾದ ಕೆಲಸಗಳಿಗೆ ಇಳಿದರು. 1995ರ ಜುಲೈನಲ್ಲಿ ಕಾರ್ಖಾನೆ ಮಾಲೀಕರ ಸಂಘ, ಐಎಲ್‌ಒ ಮತ್ತು ಯುನಿಸೆಫ್ ಒಪ್ಪಂದ ಮಾಡಿಕೊಂಡು ಶಾಲೆ ಮತ್ತು ಭತ್ಯೆಯ ಏರ್ಪಾಡು ಮಾಡಿದವು.

ಈ ಚರ್ಚೆಗೆ ಕರ್ನಾಟಕದ ಕೊಡುಗೆಯೂ ಉಂಟು. 1996ರಲ್ಲಿ ಕುಂದಾಪುರದಲ್ಲಿ 33 ದೇಶಗಳ ದುಡಿಯುವ ಮಕ್ಕಳ ಪ್ರತಿನಿಧಿಗಳು ಸೇರಿ ಹತ್ತು ಅಂಶಗಳ ಘೋಷಣೆಯನ್ನು ಹೊರಡಿಸಿದರು. ತಾವು ತಯಾರಿಸಿದ ವಸ್ತುಗಳ ಬಹಿಷ್ಕಾರವನ್ನು ಅವರು ವಿರೋಧಿಸಿದರು. ತಮ್ಮನ್ನು ಕೇಳದೆ ತಮ್ಮ ಬಗ್ಗೆ ತೀರ್ಮಾನಿಸಬಾರದೆಂದರು. ರಾಜ್ಯದ ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘವು ಇದರಲ್ಲಿ ಪಾಲ್ಗೊಂಡಿತ್ತು. ಮಕ್ಕಳಿಗೆ ದುಡಿಯುವ ಹಕ್ಕಿದೆ ಎಂಬ ನಿಲುವನ್ನು ಈ ಲೇಖನ ಒಪ್ಪುವುದಿಲ್ಲವಾದರೂ, ದಾಳಿ ನಡೆಸಿ ಬಿಡಿಸಿದ ಮಗುವಿನ ಮನೆಯ ಒಲೆ ಮರುದಿನ ಹೇಗೆ ಉರಿಯುವುದೆಂಬ ಅವರ ಪ್ರಶ್ನೆಗೆ ಒಡಂಬಡಿಕೆಗಳಲ್ಲಿ ನೇರ ಉತ್ತರವಿಲ್ಲ.

ಶಾಲೆಯ ಪಾತ್ರ

ಉತ್ತರ ದೊರೆತಿರುವ ಮಟ್ಟಿಗೆ, ಅದು ಶಾಲೆಯ ಕಡೆಯಿಂದ ದೊರೆತಿದೆ. ಮಧ್ಯಾಹ್ನದ ಬಿಸಿಯೂಟದ ಅಕ್ಷರ ದಾಸೋಹ ಯೋಜನೆಯು 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲು ಆರಂಭವಾಯಿತು, ರಾಯಚೂರು ಅವುಗಳಲ್ಲೊಂದು. ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಶಾಲೆಯಿಂದ ಹೊರಗುಳಿದ ಮಕ್ಕಳ ವಿಷಯದಲ್ಲಿ ಕರ್ನಾಟಕ ಹೈಕೋರ್ಟ್ 2013ರಲ್ಲಿ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡಿತು. ಆದರೂ 2011ರ ಜನಗಣತಿಯಲ್ಲಿ ಜಿಲ್ಲೆಯ ಸಾಕ್ಷರತೆ ಶೇ. 59.56 ಇತ್ತು, ರಾಜ್ಯದ ಸರಾಸರಿ ಶೇ. 75.36. ದೇವದುರ್ಗ ಮತ್ತು ಮಾನ್ವಿ ತಾಲ್ಲೂಕುಗಳನ್ನು ನಂಜುಂಡಪ್ಪ ಸಮಿತಿಯು 2002ರಲ್ಲೇ ಅತ್ಯಂತ ಹಿಂದುಳಿದವುಗಳ ಪಟ್ಟಿಗೆ ಸೇರಿಸಿತ್ತು. ಮಳೆ ಕೈಕೊಟ್ಟ ವರ್ಷ ಕುಟುಂಬಗಳು ಬೆಂಗಳೂರಿನಂಥ ಕಡೆಗೆ ಗುಳೆ ಹೊರಟಾಗ ದಾಖಲಾತಿ ಊರಿನಲ್ಲಿ, ಮಗು ಕಟ್ಟಡ ಕಾಮಗಾರಿಯ ಪಕ್ಕದ ಗುಡಿಸಲಿನಲ್ಲಿ. ದುಡಿಮೆಯಿಂದ ಬಿಡಿಸಿದ ಮಕ್ಕಳಿಗಾಗಿ 1988ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲಕಾರ್ಮಿಕ ಯೋಜನೆಯ ವಿಶೇಷ ಶಾಲೆಗಳನ್ನು ಈಚೆಗೆ ಸಮಗ್ರ ಶಿಕ್ಷಣ ಯೋಜನೆಯಲ್ಲಿ ವಿಲೀನಗೊಳಿಸಲಾಗಿದೆ.

ಅಂಕಿಅಂಶಗಳನ್ನು ಓದುವ ಬಗೆ

ಐಎಲ್‌ಒ ಅಂದಾಜಿನಂತೆ ಜಗತ್ತಿನ ಬಾಲಕಾರ್ಮಿಕರು 2000ದಲ್ಲಿ 24.6 ಕೋಟಿ, 2016ರಲ್ಲಿ 15.2 ಕೋಟಿ, 2020ರಲ್ಲಿ 16 ಕೋಟಿ, 2024ರಲ್ಲಿ 13.8 ಕೋಟಿ. ಇಳಿಕೆ ನಿಜ, 2025ರೊಳಗೆ ಬಾಲಕಾರ್ಮಿಕ ಪದ್ಧತಿಯನ್ನು ಕೊನೆಗಾಣಿಸುವ ವಿಶ್ವಸಂಸ್ಥೆಯ ಗುರಿ ಮಾತ್ರ ಈಡೇರಲಿಲ್ಲ. 2024ರ ಅಂದಾಜಿನಲ್ಲಿ ಶೇ. 61ರಷ್ಟು ಮಕ್ಕಳು ಕೃಷಿಯಲ್ಲಿದ್ದಾರೆ.

ಭಾರತದ ಅಂಕಿಗಳನ್ನು ಬಳಸುವ ವಿದ್ಯಾರ್ಥಿಗಳು ಎಚ್ಚರ ವಹಿಸಬೇಕು. 2001ರಲ್ಲಿ 1.26 ಕೋಟಿಯಿದ್ದ ಬಾಲಕಾರ್ಮಿಕರು 2011ಕ್ಕೆ 43.5 ಲಕ್ಷಕ್ಕೆ ಇಳಿದರೆಂದು ಅನೇಕ ಕಡೆ ಬರೆದಿರುತ್ತದೆ. ಮೊದಲ ಸಂಖ್ಯೆಯಲ್ಲಿ ವರ್ಷದ ಹೆಚ್ಚು ಕಾಲ ದುಡಿಯುವ ಮುಖ್ಯ ದುಡಿಮೆಗಾರರೂ, ಆರು ತಿಂಗಳಿಗಿಂತ ಕಡಿಮೆ ದುಡಿಯುವ ಅಲ್ಪಾವಧಿ ದುಡಿಮೆಗಾರರೂ ಸೇರಿದ್ದಾರೆ. ಎರಡನೆಯದು ಮುಖ್ಯ ದುಡಿಮೆಗಾರರದು ಮಾತ್ರ. ಇಬ್ಬರನ್ನೂ ಸೇರಿಸಿದರೆ 2011ರ ಸಂಖ್ಯೆ ಸುಮಾರು 1.01 ಕೋಟಿ. ಹತ್ತಿಯ ಹಂಗಾಮಿನಲ್ಲಿ ಮೂರು ತಿಂಗಳು ಹೊಲದಲ್ಲಿದ್ದು ಉಳಿದಂತೆ ಶಾಲೆಗೆ ಬರುವ ಕವಿತಾಳ ಭಾಗದ ಮಗು ಎಣಿಕೆಯಾಗುವುದಾದರೆ ಈ ಎರಡನೆಯ ಗುಂಪಿನಲ್ಲಿಯೇ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಮುಂದೆ ಹೋಗಿ, ಅದರ ಉಲ್ಲೇಖ ದಿನಾಂಕವನ್ನು 2027ರ ಮಾರ್ಚ್ 1 ಎಂದು ನಿಗದಿಪಡಿಸಲಾಗಿದೆ. 2016ರ ತಿದ್ದುಪಡಿ ಮತ್ತು 2017ರ ಸ್ಥಿರೀಕರಣದ ಪರಿಣಾಮವನ್ನು ಮನೆಮನೆಯ ಎಣಿಕೆಯಿಂದ ಅಳೆಯುವ ಮೊದಲ ಅವಕಾಶ ಅದು.