ಚಿಲಕ ಹಾಕದ ಬಾಗಿಲು

ದುರಂತವೊಂದು ನಡೆದೊಡನೆ ನಾವು ಹುಡುಕುವುದು ತಪ್ಪಿತಸ್ಥನನ್ನು. ಅವನು ಸಿಕ್ಕಿ, ಪರಿಹಾರದ ಮೊತ್ತವೂ ಪ್ರಕಟವಾದರೆ ನಮ್ಮ ಪಾಲಿಗೆ ಪ್ರಕರಣ ಮುಗಿದಂತೆ. ಅದೇ ತಪ್ಪು ಮತ್ತೊಂದು ಊರಿನಲ್ಲಿ ಮತ್ತೊಬ್ಬನ ಕೈಯಿಂದ ಆಗದಂತೆ ತಡೆಯುವ ಕೆಲಸ ಮಾತ್ರ ಆಗಿನ್ನೂ ಆರಂಭವಾಗಿರುವುದಿಲ್ಲ.

ಈ ಕೆಲಸವನ್ನು ವಿಮಾನಯಾನ ಕ್ಷೇತ್ರ ಹೇಗೆ ಮಾಡುತ್ತದೆ ಎಂಬುದಕ್ಕೆ ಒಂದು ನಿದರ್ಶನವಿದೆ. 2013ರ ಮೇ 24ರಂದು ಲಂಡನ್ನಿನ ಹೀಥ್ರೂದಿಂದ ಆಸ್ಲೋಗೆ ಹೊರಟ ಏರ್‌ಬಸ್ ಎ319 ವಿಮಾನ ನೆಲ ಬಿಡುತ್ತಿದ್ದಂತೆಯೇ ಎರಡೂ ಎಂಜಿನ್‌ಗಳ ಹೊರಕವಚದ ಬಾಗಿಲುಗಳು ಕಿತ್ತುಹೋದವು. ಬಲಗಡೆಯ ಇಂಧನದ ಕೊಳವೆಗೆ ತೂತುಬಿದ್ದು, ವಿಮಾನ ಹಿಂತಿರುಗುವ ದಾರಿಯಲ್ಲಿಯೇ ಎಂಜಿನ್ನಿಗೆ ಬೆಂಕಿ ಹತ್ತಿತು. ಒಳಗಿದ್ದ 80 ಮಂದಿಯೂ ಬದುಕುಳಿದರು. ಹಿಂದಿನ ರಾತ್ರಿ ತಂತ್ರಜ್ಞರು ಎಣ್ಣೆ ತುಂಬುವ ಸಾಧನ ತರಲೆಂದು ಬಾಗಿಲುಗಳಿಗೆ ಚಿಲಕ ಹಾಕದೆ ಹೋಗಿದ್ದರು. ಮರಳಿ ಬಂದದ್ದು ಬೇರೊಂದು ವಿಮಾನದ ಬಳಿಗೆ. ಅಲ್ಲಿ ಚಿಲಕ ಬಿದ್ದಿದ್ದನ್ನು ಕಂಡು, ಯಾರೋ ಹಾಕಿರಬೇಕೆಂದು ಭಾವಿಸಿದರು. ಚಿಲಕಗಳಿರುವುದು ಎಂಜಿನ್ನಿನ ತಳಭಾಗದಲ್ಲಿ. ಬಗ್ಗಿ ನೋಡದೆ ಕಾಣಿಸವು. ಹಾರಾಟಕ್ಕೆ ಮುಂಚಿನ ತಪಾಸಣೆಯಲ್ಲಿಯೂ ಅವು ಕಣ್ಣಿಗೆ ಬೀಳಲಿಲ್ಲ.

ತಂತ್ರಜ್ಞರನ್ನು ದೂರಿ ಸುಮ್ಮನಾಗಬಹುದಿತ್ತು. ಆದರೆ ಅದೇ ಬಗೆಯ ವಿಮಾನಗಳ ಬಾಗಿಲುಗಳು ಅದಕ್ಕೂ ಮೊದಲೇ 30ಕ್ಕೂ ಹೆಚ್ಚು ಬಾರಿ ಕಳಚಿಹೋಗಿದ್ದವು. ಇಷ್ಟು ಮಂದಿ ಒಂದೇ ತಪ್ಪನ್ನು ಮಾಡಿದರೆ ದೋಷ ಮನುಷ್ಯನಲ್ಲಿ ಮಾತ್ರವಿಲ್ಲ, ಚಿಲಕದಲ್ಲಿಯೂ ಇದೆ. 2016ರಲ್ಲಿ ಐರೋಪ್ಯ ವಿಮಾನ ಸುರಕ್ಷತಾ ಸಂಸ್ಥೆಯು ಹೊಸ ಚಿಲಕವನ್ನು ಕಡ್ಡಾಯಗೊಳಿಸಿತು. ಅದನ್ನು ತೆರೆಯಲು ಕೀಲಿ ಬೇಕು; ಚಿಲಕ ಭದ್ರವಾಗಿ ಬೀಳುವವರೆಗೆ ಕೀಲಿ ಹೊರಬರುವುದಿಲ್ಲ; ಹೊರಬಂದ ಕೀಲಿ ಪೈಲಟ್‌ಗಳ ಕೋಣೆಯಲ್ಲಿ ಅದರ ಜಾಗದಲ್ಲಿರಬೇಕು.

ಈಗ ವಿಶಾಖಪಟ್ಟಣದ ಸಮೀಪದ ಅಚ್ಯುತಾಪುರಂ ಕಡೆಗೆ ನೋಡೋಣ. 2024ರ ಆಗಸ್ಟ್ 21ರ ಮಧ್ಯಾಹ್ನ ಅಲ್ಲಿಯ ವಿಶೇಷ ಆರ್ಥಿಕ ವಲಯದ ಎಸೈಂಟಿಯಾ ಔಷಧ ಕಾರ್ಖಾನೆಯಲ್ಲಿ ಸ್ಫೋಟವಾಗಿ 17 ಮಂದಿ ಸತ್ತರು. ಸೋರಿದ ದ್ರಾವಕದ ಆವಿಗೆ ಬೆಂಕಿ ತಗುಲಿತೆಂದು ಅಧಿಕಾರಿಗಳು ಹೇಳಿದರು. ಊಟದ ಹೊತ್ತಾಗಿರದಿದ್ದರೆ ಸಾವು ಇನ್ನೂ ಹೆಚ್ಚುತ್ತಿತ್ತು. ಆಕಾಶದ ಬೆಂಕಿಗೂ ಈ ಬೆಂಕಿಗೂ ನಡೆ ಒಂದೇ: ಕೊಳವೆಯೊಳಗಿರಬೇಕಾದ ದ್ರವ ಹೊರಬಂದು ಬಿಸಿಯನ್ನೋ ಕಿಡಿಯನ್ನೋ ಸೇರಿತು. ಇದೇ ವಿಶಾಖಪಟ್ಟಣದಲ್ಲಿ 2020ರ ಮೇ 7ರಂದು ಎಲ್‌ಜಿ ಪಾಲಿಮರ್ಸ್‌ನ ಟ್ಯಾಂಕಿನಿಂದ ಸ್ಟೈರೀನ್ ಸೋರಿದಾಗ ತನಿಖಾ ಸಮಿತಿ ನೇಮಕವಾಗಿತ್ತು; ತಂಪಾಗಿಸುವ ವ್ಯವಸ್ಥೆಯ ಲೋಪವನ್ನೂ ಮೊಳಗದ ಸೈರನ್ನನ್ನೂ ಅದರ ವರದಿ ಎತ್ತಿ ತೋರಿಸಿತ್ತು. ವರದಿ ಬಂತು; ಅದು ಎಲ್ಲ ಕಾರ್ಖಾನೆಗಳ ಕೀಲಿಯಾಗಲಿಲ್ಲ.

ಕೆಲಸಗಾರನಿಗೆ ಹೊಣೆಯಿಲ್ಲವೇ ಎಂದು ಕೇಳಬಹುದು. ಇದೆ. ಆದರೆ ದಣಿದವನೂ ಮರೆತವನೂ ಅನಾಹುತ ಮಾಡಲಾಗದಂತೆ ಯಂತ್ರವನ್ನು ರೂಪಿಸುವ ಹೊಣೆ ಅವನಿಗಿಂತ ಮೇಲಿನವರದು. ವಿಮಾನ ಅಪಘಾತಗಳ ತನಿಖೆಯ ಗುರಿ ದೂಷಣೆಯಲ್ಲ, ತಡೆ ಎಂಬುದು ಅಂತಾರಾಷ್ಟ್ರೀಯ ನಿಯಮ. ಕಾರ್ಖಾನೆಗಳಿಗೂ ಅಂಥ ಸ್ವತಂತ್ರ ತನಿಖಾ ಸಂಸ್ಥೆ ಬೇಕು. ಅದರ ವರದಿ ಕಾರ್ಮಿಕರು ಓದಬಲ್ಲ ಭಾಷೆಯಲ್ಲಿರಬೇಕು. ಅದರ ಸೂಚನೆ ಎಲ್ಲೆಡೆಯೂ ಕಡ್ಡಾಯವಾಗಬೇಕು. ನಮ್ಮ ಬೀದರ್, ರಾಯಚೂರುಗಳಲ್ಲಿಯೂ ಔಷಧ ಕಾರ್ಖಾನೆಗಳಿವೆ. ಅಚ್ಯುತಾಪುರಂನ ಪಾಠ ಅಲ್ಲಿಗೆ ತಲುಪಿದೆಯೇ ಎಂದು ನಾವು ಈಗಲೇ ಕೇಳಬೇಕು.